ಕರಿಮೆಣಸು ಮುಗೀತು ಅಂತ ಗೆಳೆಯನಿಗೆ ಬರೆದವರು

ನಮ್ಮ ದೊಡ್ಡಪ್ಪ ಮಿಲ್ಟ್ರಿಯಲ್ಲಿದ್ದರು. 56 ಎಪಿಒ ಅನ್ನುವ ಸೈನ್ಯದ ಅಂಚೆ ವಿಳಾಸದಿಂದ ಅಜ್ಜಿಗೆ ಕಾಗದ ಬರುತ್ತಿತ್ತು. ನಾನು ಕ್ಷೇಮ, ಅಲ್ಲಿ ಮಳೆ ಆಯ್ತಾ, ಅಷ್ಟೇ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಜೊತೆ ಟ್ರೈನಿಂಗ್ ಮಾಡಿದ್ದ ಗೆಳೆಯರೊಬ್ಬರು ಒಂದು ಕಟ್ಟು ಕಾಗದ ತಂದುಕೊಟ್ಟರು. ಬೂಟು ಕಚ್ಚಿ ಕಾಲು ಹುಣ್ಣಾಗಿದ್ದು, ಟ್ರೈನಿಂಗ್ ಕೊಡುವ ಉಸ್ತಾದ್ ಮೈದಾನ ಸುತ್ತಿಸಿದ್ದು, ರಾತ್ರಿ ಕಂಬಳಿಯೊಳಗೆ ಅತ್ತಿದ್ದು, ಎಲ್ಲ ಅದರಲ್ಲಿತ್ತು. ಅಜ್ಜಿಗೆ ಇದೊಂದೂ ಗೊತ್ತಿರಲಿಲ್ಲ.

ಆಮೇಲೆ ನಾನು ಮೊದಲ ಮಹಾಯುದ್ಧದ ನಮ್ಮ ಸಿಪಾಯಿಗಳ ಕಾಗದ ಹುಡುಕಿ ಓದತೊಡಗಿದೆ. 1914ರಲ್ಲಿ ಬ್ರಿಟಿಷರ ಭಾರತೀಯ ಸೈನ್ಯದ ಲಾಹೋರ್, ಮೀರತ್ ಡಿವಿಜನ್‌ಗಳು ಫ್ರಾನ್ಸಿನ ಬಂದರು ಮಾರ್ಸೇಲ್ಸ್‌ನಲ್ಲಿ ಇಳಿದವು. ಇವರು ಕಲಿತಿದ್ದು ವಾಯವ್ಯ ಗಡಿಯ ಗುಡ್ಡಗಳ ಯುದ್ಧ. ಹೊಸ ರೈಫಲ್ ಸಿಕ್ಕಿದ್ದೇ ಫ್ರಾನ್ಸಿಗೆ ಬಂದ ಮೇಲೆ. ಅದು ಕೈಗೆ ಒಗ್ಗುವ ಮೊದಲೇ ಚಳಿ, ಕೆಸರು, ಕಂದಕ. ಕೈಬಾಂಬ್ ಸಾಲದೆ ಜಾಮ್ ಡಬ್ಬಿಗೆ ಮದ್ದು ತುಂಬಿ ತಾವೇ ಮಾಡಿಕೊಂಡರು.

ಇದನ್ನೆಲ್ಲ ಊರಿಗೆ ನೇರವಾಗಿ ಬರೆಯುವ ಹಾಗಿರಲಿಲ್ಲ, ಯಾಕೆಂದರೆ ಕಾಗದ ಒಡೆದು ಓದುವುದಕ್ಕೇ ಒಂದು ಸೆನ್ಸಾರ್ ಕಚೇರಿ ಇತ್ತು. ಎಷ್ಟೋ ಜನರಿಗೆ ಬರೆಯಲೂ ಬಾರದು, ಒಬ್ಬ ಹೇಳಿ ಇನ್ನೊಬ್ಬ ಬರೆಯಬೇಕು. ಅಷ್ಟು ಜನರ ಕಣ್ಣು ದಾಟಿಸಲು ಅವರು ಹಿಡಿದದ್ದು ಅಡುಗೆಮನೆಯ ಮಾತು. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ಇಲ್ಲಿ ಕರಿಮೆಣಸು ಮುಗೀತಾ ಬಂತು ಅಂತ ಬರೆದರೆ, ಓದಿದವನಿಗೆ ಎದೆ ಧಸಕ್ ಅಂದಿರಬೇಕು ಅಲ್ವಾ? ಎಷ್ಟು ಜನ ಸತ್ತರು ಅನ್ನುವುದನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಆ ಯುದ್ಧದಲ್ಲಿ ಸತ್ತ ಭಾರತೀಯರು 70 ಸಾವಿರಕ್ಕೂ ಜಾಸ್ತಿ.

ಸೆನ್ಸಾರ್‌ನವರಿಗೆ ಈ ಮೆಣಸಿನ ಗುಟ್ಟು ಗೊತ್ತಾಗಿಹೋಯಿತು. ಅವರು ಇಂಗ್ಲಿಷಿಗೆ ಮಾಡಿಸಿ ವರದಿಗೆ ಸೇರಿಸಿದ ತುಣುಕುಗಳೇ ಇವತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಿಪಾಯಿಗಳ ಸ್ವಂತ ಮಾತು, ಅವರ ಬೈಗುಳ, ಗೆಳೆಯನನ್ನು ಕರೆದ ಅಡ್ಡಹೆಸರು ಹೆಚ್ಚಿನದರಲ್ಲಿ ಉಳಿದಿಲ್ಲ. ನನಗೆ ತುಂಬಾ ನೋವಾಗುವುದು ಇಲ್ಲೇ.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಸಂಸ್ಥಾನದ ಕುದುರೆಪಡೆಯಾಗಿದ್ದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದ ಕುದುರೆಪಡೆಯಲ್ಲಿ ಇವರೂ ಇದ್ದರು. ಆ ಸವಾರರೂ ಊರಲ್ಲಿದ್ದ ಗೆಳೆಯರಿಗೆ ಕುದುರೆಯ ಬಗ್ಗೆ, ಮರಳಿನ ಬಗ್ಗೆ, ರೇಷನ್ ಬಗ್ಗೆ ಬರೆದಿರಬೇಕು. ನಿಮ್ಮ ಮನೆಯ ಹಳೆ ಟ್ರಂಕಿನಲ್ಲಿ ಅಂಥದ್ದೊಂದು ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಉರ್ದುವಿನಲ್ಲಿರಲಿ, ಮರಾಠಿಯ ಹಳೆ ಮೋಡಿ ಲಿಪಿಯಲ್ಲಿರಲಿ, ಓದಿಕೊಡುವವರನ್ನು ಹುಡುಕೋಣ.