ಹೆಸರು ಕೇಳಿಲ್ಲವಂತೆ

ಬೆಳಗ್ಗಿನಿಂದ ತಲೆಬಿಸಿ ಮಾಡಿಕೊಂಡು ಕೂತಿದ್ದೇನೆ. ಅಡಿಕೆ ಗಾರ್ಬಲ್ ಮಾಡುವ, ಅಂದರೆ ಒಳ್ಳೆಯದು ಕೆಟ್ಟದ್ದು ವಿಂಗಡಿಸುವ ಯಂತ್ರ ತಯಾರಿಸುವವರೊಬ್ಬರು ಕುಂಬಳೆಯಿಂದ ಬದಿಯಡ್ಕಕ್ಕೆ, ನಮ್ಮ ಮನೆಗೆ ಬಂದಿದ್ದರು. ಬೀಳುವ ಅಡಿಕೆಯನ್ನು ಕ್ಯಾಮರಾದಲ್ಲಿ ನೋಡಿ ಹೆಕ್ಕಲಿಕ್ಕೆಂದು ನಾನು ಎರಡು ತಿಂಗಳು ಕೂತು ಮಾಡಿದ ಸರ್ಕ್ಯೂಟ್ ಬೋರ್ಡು ಮೇಜಿನ ಮೇಲೆ ಓಡುತ್ತಾ ಇತ್ತು. ಪಟೋರವೋ ಕರಿಗೋಟೋ, ಅಂಥ ಕಳಪೆ ಅಡಿಕೆ ಬಿದ್ದ ಕೂಡಲೇ ವಾಲ್ವ್ ಟಕ್ಕೆಂದು ಗಾಳಿ ಬಿಟ್ಟು ಆಚೆ ತಳ್ಳುತ್ತಿತ್ತು. ಕಣ್ಣಾರೆ ನೋಡಿದರು, ಖುಷಿಪಟ್ಟರು. ಆಮೇಲೆ ಬಗ್ಗಿ ಚಿಪ್ಪಿನ ಮೇಲಿನ ಅಕ್ಷರ ಓದಿದರು. "ಅಣ್ಣಾ, ಗೋವಿನ್ ಅಂದರೆ ಎಂತ? ಹೆಸರೇ ಕೇಳಿಲ್ಲ. ಝೈಲಿಂಕ್ಸ್ ಹಾಕಿ ಕೊಡುವುದಾದರೆ ತೆಗೆದುಕೊಳ್ಳುತ್ತೇನೆ."

ಎರಡೂ ಚಿಪ್ ಕಂಪೆನಿಗಳೇ, ಗೋವಿನ್ ಹೊಸದು, ಝೈಲಿಂಕ್ಸ್ ಹಳೆಯದು. ಕೆಲಸ ಕಣ್ಣೆದುರು ಆಗುತ್ತಾ ಉಂಟು. ಆದರೂ ಹೆಸರು ಬೇಕು!

ಅಡಿಕೆ ಒಂದಡಿ ಎತ್ತರದಿಂದ ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಕ್ಯಾಮರಾದಿಂದ 5 ಸೆಂಟಿಮೀಟರ್ ಕೆಳಗೆ ವಾಲ್ವ್. ಅಂದರೆ ನೋಡಿ, ತೀರ್ಮಾನಿಸಿ, ಗಾಳಿ ಬಿಡಲಿಕ್ಕೆ ಸಿಗುವುದು 20 ಮಿಲಿಸೆಕೆಂಡ್, ಅದೂ ಹದಿನಾರು ಸಾಲಿಗೆ ಒಟ್ಟಿಗೆ. ಅದಕ್ಕೇ ಎಫ್‌ಪಿಜಿಎ ಎಂಬ ಬಗೆಯ ಚಿಪ್. ಒಳಗಿನ ಸರ್ಕ್ಯೂಟನ್ನು ನಾವೇ ಬರೆಯುತ್ತೇವೆ, ಹದಿನಾರು ಸಾಲಿಗೆ ಹದಿನಾರು ಸರ್ಕ್ಯೂಟು, ಯಾವುದೂ ಇನ್ನೊಂದಕ್ಕೆ ಕಾಯುವುದಿಲ್ಲ. ನಾನು ಹಾಕಿದ ಚಿಪ್ಪಿನಲ್ಲಿ 8640 ಎಲ್‌ಯುಟಿ, ಅಂದರೆ ಸರ್ಕ್ಯೂಟು ಕಟ್ಟುವ ಚಿಕ್ಕ ತುಣುಕು, ಉಂಟು. ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು. ಬರೆದ ಸರ್ಕ್ಯೂಟನ್ನು ನೆನಪಿಡುವ ಫ್ಲಾಶ್ ಮೆಮೊರಿ ಒಳಗೇ ಇರುವುದರಿಂದ ಹೊರಗೆ ಇನ್ನೊಂದು ಚಿಪ್ ಬೇಡ. ಝೈಲಿಂಕ್ಸಿನ ಸ್ಪಾರ್ಟನ್-7, ಆರ್ಟಿಕ್ಸ್-7 ಎರಡೂ ಬರುವುದು ಬಿಜಿಎ ಎಂಬ ಪ್ಯಾಕೇಜಿನಲ್ಲಿ ಮಾತ್ರ, ಕಾಲುಗಳೆಲ್ಲ ಹೊಟ್ಟೆಯಡಿಯ ಗುಂಡುಗಳು. ನನ್ನ ಸೋಲ್ಡರಿಂಗ್ ಐರನ್ನಿನ ತುದಿ ಅಲ್ಲಿಗೆ ಹೋಗುವುದಿಲ್ಲ. ಇನ್ನೊಂದು ಹೊಸ ಕಂಪೆನಿ ಎಫಿನಿಕ್ಸ್‌ನವರ ಟ್ರಯಾನ್ ಟಿ20ಯಾದರೆ 144 ಕಾಲಿನ ಚಪ್ಪಟೆ ಪ್ಯಾಕೇಜಿನಲ್ಲೂ ಸಿಗುತ್ತದೆ, ಅದರಲ್ಲಿ ಅಂಥ ತುಣುಕು (ಲಾಜಿಕ್ ಎಲಿಮೆಂಟ್) ಸುಮಾರು ಇಪ್ಪತ್ತು ಸಾವಿರ. ಹಾಗೆ ಕಾಲು ಹೊರಗಿರುವ ಚಿಪ್ ರಾತ್ರಿ ಸುಟ್ಟುಹೋದರೆ ಬೆಳಗ್ಗೆ ನಾನೇ ಕಳಚಿ ಹೊಸದು ಕೂರಿಸುತ್ತೇನೆ. ಅಡಿಕೆಯ ಸೀಸನ್‌ನಲ್ಲಿ ಯಂತ್ರ ನಿಂತವನಿಗೆ ಬೇಕಾದದ್ದು ಇದೇ ಅಲ್ಲವೇ?

"ಹೊಸ ಕಂಪೆನಿ ಹತ್ತು ವರ್ಷ ಇರುತ್ತದೆ ಎಂದು ಎಂತ ಗ್ಯಾರಂಟಿ?" ಎಂದೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹೊಸಬರ ದಾಖಲೆಗಳು ಹಳಬರಷ್ಟು ವಿವರವಾಗಿಲ್ಲ ಎಂಬುದನ್ನೂ ಒಪ್ಪುತ್ತೇನೆ, ಚಿಪ್ಪಿಗೆ ತಾಳ ಹಾಕುವ ಒಂದು ಕ್ಲಾಕ್ ಸರಿಮಾಡಲಿಕ್ಕೆ ಮೂರು ರಾತ್ರಿ ಹೋಗಿದೆ. ಆದರೆ ಹಳಬರ ಗ್ಯಾರಂಟಿ ಎಲ್ಲಿ ಉಂಟು? 1983ರಲ್ಲಿ ಶುರುವಾದ ಇನ್ನೊಂದು ದೊಡ್ಡ ಎಫ್‌ಪಿಜಿಎ ಕಂಪೆನಿ ಆಲ್ಟೆರಾವನ್ನು 2015ರಲ್ಲಿ ಇಂಟೆಲ್ 1670 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಅದರ ಶೇ. 51 ಪಾಲು ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆಗೆ ಹೋಯಿತು, ಆಗ ಇಡೀ ಕಂಪೆನಿಗೆ ಕಟ್ಟಿದ ಬೆಲೆ 875 ಕೋಟಿ ಡಾಲರ್. 1985ರಲ್ಲಿ ಮೊತ್ತಮೊದಲ ಎಫ್‌ಪಿಜಿಎ ಮಾರುಕಟ್ಟೆಗೆ ತಂದ ಝೈಲಿಂಕ್ಸ್ 2022ರಿಂದ ಎಎಂಡಿ ಎಂಬ ಚಿಪ್ ಕಂಪೆನಿಯ ಕೈಯಲ್ಲಿದೆ. ಎರಡು ದೊಡ್ಡ ಮನೆಗಳಿಗೂ ಯಜಮಾನರು ಬದಲಾದರು. ಹೆಸರು ಮಾತ್ರ ನಮ್ಮವರ ಬಾಯಲ್ಲಿ ಹಾಗೇ ಉಳಿದಿದೆ.

ನಾನು ನಂಬುವುದು ಬರೆದ ಕೋಡನ್ನು. ಚಿಪ್ಪಿನಿಂದ ಚಿಪ್ಪಿಗೆ ಬದಲಾಗುವ ಮೆಮೊರಿ, ಪಿಎಲ್ಎಲ್ (ಕ್ಲಾಕ್ ಹುಟ್ಟಿಸುವ ಭಾಗ) ಇವೆರಡನ್ನು ಬೇರೆ ಫೈಲಿನಲ್ಲಿಟ್ಟು ಉಳಿದದ್ದನ್ನೆಲ್ಲ ಸರ್ಕ್ಯೂಟು ಬರೆಯುವ ಭಾಷೆಯಾದ ಶುದ್ಧ ವೆರಿಲಾಗ್‌ನಲ್ಲಿ ಬರೆದಿದ್ದೇನೆ. ನಾಳೆ ಈ ಚಿಪ್ ಸಿಗದಿದ್ದರೆ ಲ್ಯಾಟಿಸ್ ಕಂಪೆನಿಗೋ ಎಫಿನಿಕ್ಸ್‌ಗೋ ಹೋಗಲಿಕ್ಕೆ ಒಂದು ವಾರ ಸಾಕು. ಕೋಡನ್ನು ಚಿಪ್ಪಿಗೆ ಇಳಿಸುವ ಸಾಫ್ಟ್‌ವೇರ್ ಟೂಲಿನ ಭಯವೂ ಮೊದಲಿನಷ್ಟಿಲ್ಲ. 2015ರಲ್ಲಿ ಐಸ್‌ಸ್ಟಾರ್ಮ್ ಎಂಬ ಮುಕ್ತ ಯೋಜನೆಯವರು ಲ್ಯಾಟಿಸ್‌ನ ಐಸ್40 ಚಿಪ್ಪುಗಳ ಬಿಟ್‌ಸ್ಟ್ರೀಮನ್ನು, ಅಂದರೆ ಚಿಪ್ಪಿಗೆ ತುಂಬುವ ಫೈಲಿನ ಗುಟ್ಟನ್ನು, ಬಿಡಿಸಿಟ್ಟರು. ಈಗ ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್ಆರ್ ಎಂಬ ಉಚಿತ ಟೂಲು ಹಾಕಿಕೊಂಡರೆ ಲೈಸನ್ಸ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ಕೆಲಸ ಸಾಗುತ್ತದೆ. ಮಳೆಗಾಲದಲ್ಲಿ ಲೈನು ಹೋದರೂ ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ನಾನು ಬರೆಯುತ್ತಾ ಇರುತ್ತೇನೆ.

ಇಷ್ಟು ಸಿಟ್ಟು ಯಾಕೆ ಎಂದು ಕೇಳುವವರಿಗೆ, ಈವರೆಗೆ ಮನೆಯವರ ಹತ್ತಿರವೂ ಹೇಳದ ಒಂದು ವಿಷಯ. 2021ರಲ್ಲಿ ಎಲ್ಲೂ ಚಿಪ್ ಸಿಗದ ಕಾಲದಲ್ಲಿ ನನಗೂ ಹೆಸರೇ ಬೇಕಿತ್ತು. ದೊಡ್ಡ ಹೆಸರು ಅಚ್ಚಾದ ಚಿಪ್ಪುಗಳನ್ನು ಪರಿಚಯವಿಲ್ಲದ ಮಾರಾಟಗಾರನೊಬ್ಬನಿಂದ ಐದು ಪಟ್ಟು ಕೊಟ್ಟು ತರಿಸಿದೆ. ಹನ್ನೊಂದು ಬೋರ್ಡಿಗೆ ಬೆಸುಗೆ ಹಾಕಿದ ಮೇಲೆ ಒಂದೂ ಎಚ್ಚರಾಗಲಿಲ್ಲ. ಅಸಿಟೋನ್ ಹಾಕಿ ಉಜ್ಜಿದರೆ ಮೇಲಿನ ಬಣ್ಣ ಎದ್ದುಬಂತು, ಅಡಿಯಲ್ಲಿ ಬೇರೆಯೇ ನಂಬರು. ಆ ಸೀಸನ್ ಹೋಯಿತು, ಅಮ್ಮನ ಬಳೆ ಅಡವಿಟ್ಟ ದುಡ್ಡೂ ಹೋಯಿತು. ಅಂದಿನಿಂದ ಚಿಪ್ ಕೈಗೆ ಬಂದರೆ ಮೊದಲು ಓಡಿಸಿ ನೋಡುತ್ತೇನೆ, ಅಕ್ಷರ ಓದುವುದು ಆಮೇಲೆ.

ಕುಂಬಳೆಯವರಿಗೆ ಈಗಷ್ಟೇ ಫೋನ್ ಮಾಡಿದೆ. ಬೋರ್ಡು ಕೊಳ್ಳುವುದು ಬೇಡ, ಒಂದು ಗೋಣಿ ಚಾಲಿ (ಒಣ ಅಡಿಕೆ) ತನ್ನಿ, ಅರ್ಧ ನಿಮ್ಮ ಗಾರ್ಬಲಿನವರು ಹೆಕ್ಕಲಿ, ಅರ್ಧ ಇದು ಹೆಕ್ಕಲಿ, ಎರಡನ್ನೂ ತೂಗಿ ನೋಡುವ ಎಂದೆ. ಆದಿತ್ಯವಾರ ಬರುತ್ತೇನೆ ಅಂದಿದ್ದಾರೆ.