ಇಂಗಿನ ಸಾಲಾವಳಿ

ಔಷಧ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಅಕ್ಕನ ಮಗ ಕಳೆದ ಭಾನುವಾರ ಬಂದವನೇ ನೇರ ಅಡುಗೆಮನೆಗೆ ನುಗ್ಗಿದ. "ಅತ್ತೆ, ಒಗ್ಗರಣೆ ಡಬ್ಬಿ ಎಲ್ಲಿ?" ಹಸಿದಿರಬೇಕು ಎಂದುಕೊಂಡೆವು. ಅವನು ಹುಡುಕುತ್ತಿದ್ದದ್ದು ಸಂಶೋಧನಾ ಪೇಪರಿಗೆ ವಿಷಯ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಣುವಿನ ಕಥೆ ಎಂದೋ ಮುಗಿದಿದೆಯಂತೆ. ಮೆಣಸಿನ ಪೈಪರಿನ್, ಶುಂಠಿಯ ಜಿಂಜೆರಾಲ್, ಈರುಳ್ಳಿಯ ಕ್ವೆರ್ಸೆಟಿನ್ ಎಲ್ಲವೂ ಯಾರ ಯಾರ ಪಾಲಿಗೋ ಹೋಗಿವೆ. ಪೇಪರ್ ಆಗದ ಮಸಾಲೆ ತರುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ತಂದ ಹಾಗೆ; ಆ ಸಾಸಿವೆಯ ಮೇಲೂ ಪೇಪರ್ ಆಗಿದೆ. ಕೊನೆಗೆ ಇಂಗು ಕಣ್ಣಿಗೆ ಬಿತ್ತು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ, ಲ್ಯಾಪ್‌ಟಾಪಿನ ಮುಚ್ಚಳ ತೆಗೆದ.

"ಯಾವ ರೋಗಕ್ಕಪ್ಪಾ?" ಎಂದೆ.

"ಅದು ನಿಶ್ಚಯವಾಗಿಲ್ಲ ಮಾವ. ಯಾವ ಪ್ರೋಟೀನಿನ ಜೊತೆ ಅಂಕ ಚೆನ್ನಾಗಿ ಬರುತ್ತದೋ ಆ ರೋಗಕ್ಕೆ."

ಈ ವಿದ್ಯೆಯ ಹೆಸರು ಡಾಕಿಂಗ್; ಅಣುವೊಂದು ಪ್ರೋಟೀನಿಗೆ ಎಷ್ಟು ಗಟ್ಟಿಯಾಗಿ ಅಂಟೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಕಿಣ್ವ ಬೀಗವಿದ್ದಂತೆ, ಅದಕ್ಕೆ ಹೊಂದುವ ಅಣು ಕೀಲಿಯಿದ್ದಂತೆ ಎಂದು ಎಮಿಲ್ ಫಿಶರ್ 1894ರಲ್ಲೇ ಹೇಳಿದ್ದ. ನಮಗೆ ಸಾಲಾವಳಿಯೆಂದರೆ ಬೇಗ ತಿಳಿಯುತ್ತದೆ. ರೋಗದ ಪ್ರೋಟೀನು ಹೆಣ್ಣು, ಮಸಾಲೆಯ ಅಣು ಗಂಡು, ಕಂಪ್ಯೂಟರು ಜೋಯಿಸರು. ಎರಡು ಜಾತಕ ಕೊಟ್ಟರೆ ಚಹಾ ಆರುವುದರೊಳಗೆ ಮೈನಸ್ 7.1 ಎಂದೋ ಮೈನಸ್ 7.3 ಎಂದೋ ಫಲ ಬರುತ್ತದೆ. ಮೈನಸ್ ಹೆಚ್ಚಿದಷ್ಟೂ ದಾಂಪತ್ಯ ಗಟ್ಟಿ. 7.3 ಬಂದವನು 7.1 ಬಂದವನನ್ನು ಸೋಲಿಸಿದೆನೆಂದು ಪೇಪರ್ ಬರೆಯುತ್ತಾನೆ.

ಪುಕ್ಕಟೆ ಸಿಗುವ 'ವಿನಾ' ಎಂಬ ಡಾಕಿಂಗ್ ತಂತ್ರಾಂಶವನ್ನು ಮಾಡಿದವರಾದರೋ ಪ್ರಾಮಾಣಿಕರು. ತಮ್ಮ ಅಂಕ 2.85ರಷ್ಟು (ಅಂಕದ ಅಳತೆ ಕಿಲೊಕ್ಯಾಲರಿ) ಆಚೀಚೆ ಆಗಬಹುದೆಂದು ಅವರೇ ಬರೆದಿದ್ದಾರೆ. ಇಲ್ಲಿ 1.4 ತಪ್ಪಿದರೆ ಹಿಡಿತದ ಬಲ ಹತ್ತು ಪಟ್ಟು ತಪ್ಪಿದಂತೆ, 2.85 ಎಂದರೆ ನೂರು ಪಟ್ಟು. ಹುಡುಗನ ಸಂಬಳ ಐವತ್ತು ಸಾವಿರವೂ ಇರಬಹುದು, ಐನೂರೂ ಇರಬಹುದು ಎನ್ನುವ ದಲ್ಲಾಳಿಯನ್ನು ನಾವು ಮೆಟ್ಟಿಲಿನಿಂದಲೇ ಕಳುಹಿಸುತ್ತೇವೆ. ಸಂಶೋಧನೆಯಲ್ಲಿ ಅವನಿಗೆ ಎಲೆ ಹಾಕಿ ಬಡಿಸುತ್ತಾರೆ.

ಈ ಸುಗ್ಗಿ ಜೋರಾದದ್ದು 2020ರಲ್ಲಿ. ಕೊರೊನಾ ವೈರಸ್ಸಿನ ಒಂದು ಪ್ರೋಟೀನಾದ ಮುಖ್ಯ ಪ್ರೋಟಿಯೇಸ್‌ನ ರಚನೆಯನ್ನು ಚೀನಾದ ವಿಜ್ಞಾನಿಗಳು ಬಿಡಿಸಿ, ಆ ಫೆಬ್ರವರಿಯಲ್ಲಿ ಜಗತ್ತಿಗೆಲ್ಲ ಸಿಗುವಂತೆ ಮಾಡಿದರು. 6ಎಲ್‌ಯು7 ಎಂಬುದು ಅದರ ಗುರುತು. ಪ್ರಯೋಗಾಲಯಗಳಿಗೆ ಬೀಗ, ಮನೆಯಲ್ಲಿ ಲ್ಯಾಪ್‌ಟಾಪು, ಎದುರಿಗೆ ಕಷಾಯ. ಆ ಒಂದು ಕನ್ಯೆಗೆ ಸಾಲಾವಳಿ ಕೂಡಿಸದ ಸೊಪ್ಪು, ಬೇರು, ತೊಗಟೆ ಉಳಿಯಲಿಲ್ಲ. ಅದೇ ಪ್ರೋಟೀನಿನ ಕೈ ಹಿಡಿದು ಮೊದಲು ಮಾತ್ರೆಯಾಗಿ ಹೊರಬಂದದ್ದು ಫೈಜರ್ ಕಂಪನಿಯ ನಿರ್ಮಟ್ರೆಲ್ವಿರ್. ಹಿಂದಿನ ಸಾರ್ಸ್ ಕಾಲದಲ್ಲಿ ಮೂಲೆ ಸೇರಿದ್ದ ಅಣುವೊಂದನ್ನು ಹೊರತೆಗೆದು, ತಿದ್ದಿ ತೀಡಿ, ಪ್ರಾಣಿಗಳಿಗೂ ಆಮೇಲೆ ಮನುಷ್ಯರಿಗೂ ಕೊಟ್ಟು ನೋಡಿ, 2021ರ ಡಿಸೆಂಬರ್‌ನಲ್ಲಿ ಅಮೆರಿಕದ ತುರ್ತು ಅನುಮತಿ ಪಡೆದರು. ಕಂಪ್ಯೂಟರನ್ನು ಅವರೂ ಬಳಸಿದರು. ಜೋಯಿಸರು ಹೂಂ ಎಂದಮೇಲೆ ಹುಡುಗನನ್ನು ಒಮ್ಮೆ ನೋಡಿ ಬಂದರು, ಅಷ್ಟೇ ವ್ಯತ್ಯಾಸ.

ನಮ್ಮ ಕರ್ಕ್ಯುಮಿನ್ ಪಾಡು ಕೇಳಿ. ಅದು ಎಲ್ಲ ಜಾತಕಕ್ಕೂ ಹೊಂದುವ ವರ. ಆದರೆ ದೇಹದ ಶಾಖವಿರುವ, ಹೆಚ್ಚುಕಡಿಮೆ ರಕ್ತದಷ್ಟೇ ಕ್ಷಾರವಿರುವ ದ್ರಾವಣದಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ನೂರಕ್ಕೆ ತೊಂಬತ್ತು ಭಾಗ ಕೆಟ್ಟುಹೋಗುತ್ತದೆ. ಮುಹೂರ್ತದವರೆಗೂ ನಿಲ್ಲದ ಮದುಮಗ! 120ಕ್ಕೂ ಹೆಚ್ಚು ವೈದ್ಯಕೀಯ ಪ್ರಯೋಗಗಳಾಗಿದ್ದರೂ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ಒಂದೂ ಗೆದ್ದಿಲ್ಲವೆಂದು ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಬರೆದರು. ಅದರಿಂದ ಪೇಪರುಗಳೇನೂ ನಿಲ್ಲಲಿಲ್ಲ. "ಹೆಚ್ಚಿನ ಸಂಶೋಧನೆ ಅಗತ್ಯ" ಎಂಬ ಕೊನೆಯ ಸಾಲು ಇದೆಯಲ್ಲ, ಅದನ್ನು ನೋಡಿ ಇನ್ನೊಬ್ಬರು ಅದೇ ಅಣುವಿಗೆ ಬೇರೆ ಪ್ರೋಟೀನು ಹುಡುಕುತ್ತಾರೆ.

"ಪಿಎಚ್‌ಡಿಗೆ ಪೇಪರ್ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲೇ ತೆಗೆದಿದೆಯಲ್ಲೋ?" ಎಂದೆ.

"ನಿಯಮ ತೆಗೆದಿದ್ದಾರೆ ಮಾವ, ಗೈಡನ್ನು ತೆಗೆದಿಲ್ಲ."

ಅಷ್ಟರಲ್ಲಿ ಫಲ ಬಂತು: ಇಂಗಿನ ಫೆರುಲಿಕ್ ಆಮ್ಲಕ್ಕೆ ಮೈನಸ್ 5.8. ಹುಡುಗ ಇಂಗು ತಿಂದ ಮಂಗನಂತಾದ. ಒಂದು ನಿಮಿಷವಷ್ಟೇ. ಮತ್ತೆ ಕೀಲಿಮಣೆ ಕುಟ್ಟಿ, ಬೇರೆ ರೋಗದ ಪ್ರೋಟೀನು ಇಳಿಸಿಕೊಂಡ. ಮೈನಸ್ 7.4! "ಮಧುಮೇಹಕ್ಕೆ ಇಂಗು" ಎಂದು ಶೀರ್ಷಿಕೆ ಟೈಪಿಸಿ, ಕೈ ತೊಳೆದು ಊಟಕ್ಕೆ ಕುಳಿತ. ನನ್ನವಳು ಬಿಸಿ ಸಾರು ಬಡಿಸಲು ಬಂದಳು. ಹುಡುಗ ಮೂಗು ಮುಚ್ಚಿಕೊಂಡ.

"ಇಂಗು ಹಾಕಿದ್ದೀರಾ ಅತ್ತೆ? ಆ ವಾಸನೆ ನನಗೆ ಆಗಿಬರುವುದಿಲ್ಲ. ಮಜ್ಜಿಗೆಯೇ ಸಾಕು."