ಅಕ್ಕನ ಅವಲಕ್ಕಿ ಸರ, ಫ್ರಿಜ್ಜಿನ ಮೇಲಿನ ಹಾಳೆ

ಈ ಸಲ ಊರಿಗೆ ಬಂದ ಮಾರನೇ ದಿನವೇ ಕಣ್ಣಿಗೆ ಬಿತ್ತು. ಅಕ್ಕನ ಕುತ್ತಿಗೆಯಲ್ಲಿ ಅವಲಕ್ಕಿ ಸರ ಇರಲಿಲ್ಲ, ಕರಿಮಣಿ ಮಾತ್ರ. ಮದುವೆ ಊಟಕ್ಕೆ ಹೊರಟವಳು ಕನ್ನಡಿ ಮುಂದೆ ನಿಂತು ಸೆರಗನ್ನು ಕುತ್ತಿಗೆಯವರೆಗೆ ಎಳೆದು ಪಿನ್ನು ಹಾಕಿಕೊಳ್ಳುತ್ತಿದ್ದಳು. ಸರ ಎಲ್ಲಿ ಎಂದು ಕೇಳಿದೆ.

"ಮೆಲ್ಲ ಮಾತಾಡು ಮಾರಾಯ. ಫೀಸಿಗೆ ಅಡವಿಟ್ಟದ್ದು. ಅವನಿಗೆ ಗೊತ್ತಾಗುದು ಬೇಡ."

ಅವನು ಎಂದರೆ ಅವಳ ಮಗ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದ.

ಚಿನ್ನ ಅಡವಿಡುವುದು ನಮ್ಮಲ್ಲಿ ಹೊಸತಲ್ಲ. ನನಗೆ ಚುಚ್ಚಿದ್ದು ಆ "ಗೊತ್ತಾಗುದು ಬೇಡ".

ನಾನು ಬಾಸ್ಟನ್ ಹತ್ತಿರ ಇದ್ದು ಹದಿನಾಲ್ಕು ವರ್ಷವಾಯಿತು. ನಮ್ಮ ಪಕ್ಕದ ಮನೆಯಾಕೆ ಲೆಕ್ಕಪತ್ರದ ಕೆಲಸದವರು. ಮಗಳು ಒಂಬತ್ತನೇ ಕ್ಲಾಸಿಗೆ ಬಂದಾಗ ಒಳ್ಳೆ ಸಂಬಳದ ಕೆಲಸ ಬಿಟ್ಟು, ಕಡಿಮೆ ಸಂಬಳಕ್ಕೆ ಒಂದು ಯೂನಿವರ್ಸಿಟಿಯ ಆಫೀಸು ಸೇರಿದರು. ಅಲ್ಲಿ ಎಷ್ಟೋ ಖಾಸಗಿ ಯೂನಿವರ್ಸಿಟಿಗಳಲ್ಲಿ ನೌಕರರ ಮಕ್ಕಳಿಗೆ ಟ್ಯೂಷನ್ ಫೀಸು ಮಾಫಿ ಇರುತ್ತದೆ. ಸೀಟು ಮಾತ್ರ ಮಕ್ಕಳು ತಾವೇ ಗಳಿಸಬೇಕು, ಹಾಸ್ಟೆಲು ಊಟದ ಖರ್ಚು ಬೇರೆ. ಬಾಸ್ಟನ್ ಕಾಲೇಜಿನಲ್ಲಿ ರಾತ್ರಿ ಪಾಳಿಯಲ್ಲಿ ಕಸ ಗುಡಿಸಿ, ನೆಲ ಒರೆಸುತ್ತಿದ್ದ ಒಬ್ಬ ತಂದೆಯ ಐದು ಮಕ್ಕಳೂ ಅದೇ ಕಾಲೇಜಿನಲ್ಲಿ ಓದಿದರು. ಐದನೆಯ ಮಗು 2016ರಲ್ಲಿ ಪದವಿ ಪಡೆದಾಗ ಪೇಪರುಗಳಲ್ಲೆಲ್ಲ ಬಂತು.

ಆದರೆ ನನ್ನ ತಲೆಯಲ್ಲಿ ಕೂತದ್ದು ಆ ಪಕ್ಕದ ಮನೆಯ ಫ್ರಿಜ್ಜು. ಅದರ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಎಡಗಡೆ ಕಾಲೇಜುಗಳ ಹೆಸರು, ಮುಂದೆ ಮೂರು ಸಾಲು: ಅಮ್ಮ ಕೊಡುವುದು, ಅಜ್ಜಿ ಕೊಡುವುದು, ನಾನು ದುಡಿಯುವುದು. ಮೂರನೇ ಸಾಲಿನ ಅಂಕಿಗಳನ್ನು ಮಗಳೇ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ಅಜ್ಜಿಯದ್ದು 529 ಖಾತೆ. ಓದಿಗೆಂದೇ 1996ರಲ್ಲಿ ಬಂದ ಉಳಿತಾಯ ಅದು, ಓದಿಗೆ ಬಳಸಿದರೆ ಬೆಳೆದ ಹಣಕ್ಕೆ ತೆರಿಗೆ ಇಲ್ಲ. ಹುಟ್ಟುಹಬ್ಬಕ್ಕೆ ಆಟಿಕೆ ಬದಲು ಅದಕ್ಕೇ ದುಡ್ಡು ಹಾಕುತ್ತಾರೆ. ಮನೆಯ ಹಣದ ಲೆಕ್ಕ ಹದಿನೇಳರ ಹುಡುಗಿಗೆ ಪೂರ್ತಿ ಗೊತ್ತು.

ಇದನ್ನು ಅಕ್ಕನಿಗೆ ಹೇಳಿದೆ. "ಮಕ್ಕಳ ಹತ್ತಿರ ದುಡ್ಡಿನ ಮಾತು ಎಂತಕ್ಕೆ? ಓದುವ ಮನಸ್ಸು ಹಾಳಾಗ್ತದೆ" ಎಂದಳು. ಶಿಕ್ಷಣ ಸಾಲ ತೆಗೆಯಬಹುದಿತ್ತಲ್ಲ, ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂದೆ. ಅದೂ ಬೇಡವಂತೆ. ಮಗನ ಹೆಸರಲ್ಲಿ ಸಾಲ ಇರಬಾರದು.

ಆದರೆ ಈ ಮಾತು ಹೇಳಿದ್ದು ನಮ್ಮ ಅಕ್ಕ ಅಲ್ವಾ! ನಾವು ಉಡುಪಿ ಕಡೆಯ ಶಂಕರಪುರದ ಹತ್ತಿರದವರು. ನಮ್ಮಿಬ್ಬರನ್ನು ಓದಿಸಿದ್ದು ಮಲ್ಲಿಗೆ. ಬೆಳಕು ಹರಿಯುವ ಮೊದಲೇ ಅಮ್ಮನ ಹಿಂದೆ ಗಿಡದ ಸಾಲಿಗೆ ಹೋಗಬೇಕು. ಮೊಗ್ಗು ಅರಳುವ ಮೊದಲು ಕೊಯ್ಯಬೇಕು. ಆಮೇಲೆ ಬಾಳೆನಾರಿನಲ್ಲಿ ಕಟ್ಟುವುದು. ಒದ್ದೆ ನಾರು ಎಳೆದೂ ಎಳೆದೂ ತೋರುಬೆರಳಿನ ಸಂದಿಯಲ್ಲಿ ಗೆರೆ ಬೀಳುತ್ತಿತ್ತು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಗೋಡೆಯ ಮೊಳೆಗೆ ನೇತುಹಾಕಿದ ಪುಸ್ತಕದಲ್ಲಿ ಅಮ್ಮ ಅವತ್ತಿನ ರೇಟು ಬರೆಯುತ್ತಿದ್ದಳು. ನನ್ನ ಪರೀಕ್ಷೆ ಫೀಸು ಎಷ್ಟು ಅಟ್ಟೆ ಎಂದು ನನಗೆ ಗೊತ್ತಿತ್ತು. ಅಕ್ಕನಿಗೂ ಗೊತ್ತಿತ್ತು. ನಮ್ಮ ಓದೇನೂ ಹಾಳಾಗಲಿಲ್ಲ.

ಉಳಿದ ಚಿಲ್ಲರೆ ಪಿಗ್ಮಿಗೆ. ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಆ ಉಪಾಯವನ್ನು 1928ರಲ್ಲಿ ಶುರು ಮಾಡಿದ್ದೇ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕು. ಅದೂ ಎಲ್ಲರ ಕಣ್ಣೆದುರೇ ನಡೆಯುತ್ತಿತ್ತು. ಪಿಗ್ಮಿಯವರು ಬಂದರೆ ಪಾಸ್‌ಬುಕ್ ತಂದುಕೊಡುವುದು ಮಕ್ಕಳ ಕೆಲಸ. ಅಮೆರಿಕದ ಫ್ರಿಜ್ಜಿನ ಮೇಲೆ ನಾನು ಕಂಡದ್ದು ನಮ್ಮ ಮನೆಯ ಗೋಡೆಯಲ್ಲೇ ಇತ್ತು. ಯಾವಾಗ ಇದೆಲ್ಲ ಮುಚ್ಚಿಡುವ ವಿಷಯವಾಯಿತೋ ನನಗೆ ತಿಳಿಯದು. ಮರ್ಯಾದೆ ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಅಲ್ಲಿ ಫೀಸು ಮಾಫಿಯ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮಗನಿಗಾಗಿ ಪೇರೆಂಟ್ ಪ್ಲಸ್ ಸಾಲ ತೆಗೆದಿದ್ದಾರೆ. ಸರ್ಕಾರವೇ ಅಪ್ಪ ಅಮ್ಮನ ಹೆಸರಲ್ಲಿ ಕೊಡುವ ಸಾಲ ಅದು. 2024-25ರಲ್ಲಿ ಬಡ್ಡಿ ಶೇ. 9.08. ರಿಟೈರ್ ಆದ ಮೇಲೂ ಕಂತು ಉಂಟು ಎನ್ನುತ್ತಾರೆ. ಅಕ್ಕ ಬೆಳಿಗ್ಗೆ ಬ್ಯಾಂಕಿಗೆ ಹೋದವಳು ಮಧ್ಯಾಹ್ನ ಊಟದ ಹೊತ್ತಿಗೆ ದುಡ್ಡು ಹಿಡಿದು ಮನೆಯಲ್ಲಿದ್ದಳು. ಎರಡು ವರ್ಷದಲ್ಲಿ ಬಿಡಿಸುತ್ತಾಳೆ. ಆ ನೆಮ್ಮದಿ ಅಲ್ಲಿಯವರಿಗೆ ಇಲ್ಲ, ಒಪ್ಪುತ್ತೇನೆ.

ಹೊರಡುವ ದಿನ ಬಜ್ಪೆ ಏರ್‌ಪೋರ್ಟಿಗೆ ಬಿಡಲು ಬಂದವನು ಅಳಿಯನೇ. ಪಡುಬಿದ್ರಿ ದಾಟುವವರೆಗೆ ಸುಮ್ನೆ ಕಾರು ಓಡಿಸಿದ. ಆಮೇಲೆ ರಸ್ತೆ ನೋಡುತ್ತಲೇ ಕೇಳಿದ.

"ಮಾಮ, ಅಮ್ಮನ ಸರ ಬ್ಯಾಂಕಲ್ಲಿ ಉಂಟಲ್ಲ?"

ಯಾರು ಹೇಳಿದ್ದು ಎಂದೆ.

"ಯಾರೂ ಹೇಳಲಿಲ್ಲ. ಮದುವೆಗೆ ಹೋಗುವಾಗ ಹಾಕುದಿಲ್ಲ, ನೋಡಿದರೆ ಗೊತ್ತಾಗುದಿಲ್ವಾ? ನಾನು ಕೇಳಿದರೆ ಅಮ್ಮನಿಗೆ ಬೇಜಾರಾಗ್ತದೆ. ಅದಕ್ಕೆ ಕೇಳಲಿಲ್ಲ."